ನಮ್ಮ ಮಾವನ ‘ಅಗದಿ’

ನಮ್ಮ ಮಾವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿ ಕೂಡ ಇಲ್ಲ. ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಯಲ್ಲಿ ಯಾರನ್ನು ಕೇಳಿದರೂ ‘ಬಂಗಾರದಂಥ ಮನುಷ್ಯ’ ಎನ್ನುತ್ತಾರೆ. ಹಾಗೆನ್ನುವವರು ಯಾರೂ ಅವರ ಜೊತೆ ಅರ್ಧ ದಿನ ಕೂತವರಲ್ಲ. ಕೂತಿದ್ದರೆ ಗೊತ್ತಾಗುತ್ತಿತ್ತು, ಈ ಮನುಷ್ಯನಿಗೆ ಯಾವ ಡಾಕ್ಟರೂ ಬಿಡಿಸಲಾಗದ ಒಂದು ಚಟವಿದೆ ಎಂದು. ಅದು ಒಂದು ಶಬ್ದದ ಚಟ. ಯಾವ ಶಬ್ದ ಅಂತೀರಾ? ‘ಅಗದಿ’. ಅಷ್ಟೇ.

ಮೈಸೂರು, ಮಂಗಳೂರಿನ ಕಡೆಯವರು ಇದೇನಪ್ಪ, ಅಂಗಡಿಯೋ ಗದ್ದಿಗೆಯೋ ಎಂದು ತಡವರಿಸಬಹುದು. ನೀವು ‘ತುಂಬಾ’ ಎನ್ನುತ್ತೀರಲ್ಲ, ‘ಬಹಳ’ ಎನ್ನುತ್ತೀರಲ್ಲ, ಅವುಗಳ ಹಿರಿಯಣ್ಣ ಇದು. ‘ಅಗದಿ ಚಲೋ’ ಎಂದರೆ ಅದಕ್ಕಿಂತ ಚಲೋ ಇನ್ನಿಲ್ಲ ಎಂದರ್ಥ. ನಾನು ಹೀಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಮಾವ ನೋಡಿದರೆ ನನ್ನ ಜೊತೆ ಮಾತು ಬಿಡುತ್ತಾರೆ. ಬಿಟ್ಟಿದ್ದರೆ ಒಳ್ಳೆಯದೇ ಆಗುತ್ತಿತ್ತು. ಬಿಡುವುದಿಲ್ಲ, ಅದೇ ಕಷ್ಟ.

ಇವರು ನನ್ನ ತಾಯಿಯ ಅಣ್ಣ. ವಯಸ್ಸಿದ್ದಾಗ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ವ್ಯಾಪಾರ ಮಾಡುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಬಿಟ್ಟರು. ಅವರ ಮನೆಯೂ ನಮ್ಮ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿವೆ. ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ವ್ಯಾಪಾರ ಬಿಟ್ಟ ಮರುದಿನವೇ ಮಾವ ವಿಭೂತಿ ಹಚ್ಚಿಕೊಂಡು ಬಂದು ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಂದಿನಿಂದ ನನ್ನ ಅಂಗಡಿಗೆ ಬರುವ ಗಿರಾಕಿಗಳು ಮೊದಲು ವ್ಯಾಕರಣದ ಪರೀಕ್ಷೆ ಬರೆದು ಆಮೇಲೆ ಮೋಟರು ಕೊಡಬೇಕಾಯಿತು.

ಒಂದು ದಿನ ಚಿಪ್ಪಗಿರಿ ಕಡೆಯ ರೈತನೊಬ್ಬ ಆಟೋದಲ್ಲಿ ಮೋಟರು ಹಾಕಿಕೊಂಡು ಬಂದ. ಬಿಸಿಲಲ್ಲಿ ಬೆವೆತು ಹೋಗಿದ್ದ. ಅದನ್ನು ಇಳಿಸಿ, “ಮೋಟರ್ ಭಾಳ ಸುಟ್ಟೈತಿ ಅಣ್ಣಾ” ಎಂದ ನನಗೆ.

ಮಾವ ಕೈಯಲ್ಲಿದ್ದ ಪೇಪರು ಇಳಿಸಿದರು. “ಭಾಳ ಸುಟ್ಟೈತೋ, ಅಗದಿ ಸುಟ್ಟೈತೋ?”

“ಎರಡೂ ಒಂದೇ ಅಲ್ಲೇನ್ರಿ?”

“ಹೆಂಗ ಒಂದು? ಭಾಳ ಸುಟ್ಟೈತಿ ಅಂದ್ರ ಒಳಗ ಇನ್ನಾ ಸ್ವಲ್ಪ ಉಳದೈತಿ ಅಂತ. ಅಗದಿ ಸುಟ್ಟೈತಿ ಅಂದ್ರ ಏನೂ ಉಳದಿಲ್ಲ ಅಂತ. ನಿಂದು ಯಾವ್ದು ಹೇಳು.”

ರೈತ ನನ್ನ ಮುಖ ನೋಡಿದ. ನಾನು ಮೋಟರಿನ ಮುಖ ನೋಡಿದೆ. “ಬಿಚ್ಚಿದ್ರ ಗೊತ್ತಾಗ್ತೈತಿ ಬಿಡು ಮಾಮ” ಎಂದೆ.

“ಬಿಚ್ಚೂದು ಆಮ್ಯಾಲ. ಮೊದ್ಲು ಮಾತು ಸರಿ ಆಗ್ಲಿ.”

ಆ ಮನುಷ್ಯ ಕುಡಿಯಲು ನೀರು ಕೇಳಿದ. ಕುಡಿದು, ಮೋಟರು ಎತ್ತಿಕೊಂಡು, ಎದುರಿನ ಅಂಗಡಿಗೆ ಹೋದ. ಎದುರಿನ ಅಂಗಡಿಯವನು ಏನೂ ಕೇಳಲಿಲ್ಲ.

ನನ್ನ ಅಂಗಡಿಯ ಮಿಸ್ತ್ರಿ ಸಾಬರು. ಮಾವನಿಗಿಂತ ನಾಲ್ಕೈದು ವರ್ಷ ಚಿಕ್ಕವರು ಇರಬಹುದು. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ನಮ್ಮ ಕನ್ನಡ, ಬಿಲ್ಲು ಕೇಳುವಾಗ ತೆಲುಗು. ಅವರಿಗೆ ನನ್ನ ಸಂಕಟ ನೋಡಲಾಗಲಿಲ್ಲ. “ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಮಾಮು? ನಮ್ದ್ರಾಗ ಎಕ್ದಮ್ ಅಂತೀವಿ. ಎಕ್ದಮ್ ಜಲ್ ಗಯಾ. ಕೆಲ್ಸ ಮುಗೀತು” ಎಂದರು.

ಅವತ್ತು ಮಾವ ಊಟದ ತನಕ ಮಾತಾಡಲಿಲ್ಲ. ನಾನು ಮಿಸ್ತ್ರಿಗೆ ಮನಸ್ಸಿನಲ್ಲೇ ಕೈಮುಗಿದೆ. ಊಟಕ್ಕೆ ಏಳುವಾಗ ಮಾವ ಹೇಳಿದರು: “ಎಕ್ದಮ್ಮು ಅಗದಿ ತಮ್ಮ ಅಂತ ಒಪ್ಪಿಕೊಂತೀನಿ. ಆದ್ರ ಅದ್ರಾಗ ಅವಸರ ಐತಿ. ಅಗದಿಗೆ ಅವಸರ ಇಲ್ಲ.”

ನನಗೆ ಸಿಟ್ಟು ಬಂದದ್ದು ಆ ಮಾತಿಗಲ್ಲ. ಮನೆಗೆ ಹೋಗಿ ರೊಟ್ಟಿ ಮುರಿಯುವಾಗ ನಾನೂ ಅದನ್ನೇ ಯೋಚಿಸುತ್ತಾ ಕೂತಿದ್ದೆನಲ್ಲ, ಅದಕ್ಕೆ. ಈ ರೋಗ ಅಂಟುತ್ತದೆ.

ಮಾವನ ಪ್ರಕಾರ ಈ ಶಬ್ದಕ್ಕೆ ಕಟ್ಟುನಿಟ್ಟಾದ ಕಾನೂನುಗಳಿವೆ. ಎಣಿಸುವ, ಅಳೆಯುವ ವಸ್ತುವಿನ ಹೆಸರಿನ ಮೊದಲು ಅದು ಬರಕೂಡದು. ‘ಅಗದಿ ಜೋಳ’ ಎನ್ನುವಂತಿಲ್ಲ. ಅಲ್ಲಿ ‘ರಗಡ ಜೋಳ’ ಎನ್ನಬೇಕು. ರಗಡ ಚೀಲ ತುಂಬುವ ಮಾತು, ಅಗದಿ ಗುಣ ತುಂಬುವ ಮಾತು. ಆದರೆ ಜಾಗ ಹೇಳುವಾಗ ಮಾತ್ರ ಅಗದಿ ಬೇಕೇ ಬೇಕು: ‘ಅಗದಿ ಬಾಗಿಲ ಮುಂದ’, ‘ಅಗದಿ ಬಾವಿ ಬಾಜೂಕ’. ಅಲ್ಲಿ ಅದರ ಅರ್ಥ ಒಂದು ಗೇಣೂ ಆಚೆಈಚೆ ಇಲ್ಲ ಎಂದು. ಇದೆಲ್ಲ ಸರಿ. ಇದನ್ನು ಪಾರ್ಸಲ್ ತರುವ ಹುಡುಗನಿಗೆ ಫೋನಿನಲ್ಲಿ ಹೇಳಿದರೆ ಏನಾಗುತ್ತದೆ? ಅತ್ತೆಗೆಂದು ಮಾವನ ಮಗಳು ರಾಯಚೂರಿನಿಂದ ಸೀರೆ ಬುಕ್ ಮಾಡಿ ಕಳಿಸಿದ್ದಳು. ಮಾವ ಫೋನಿನಲ್ಲಿ, “ಅಗದಿ ಗುಡಿ ಬಾಜೂಕ ನಮ್ಮ ಮನಿ” ಎಂದರು. ಆ ಹುಡುಗ ಕರ್ನೂಲಿನ ಆಚೆಯವನು, ತೆಲುಗು ಬಿಟ್ಟು ಬೇರೆ ಬಾರದು. ಊರೆಲ್ಲ ಸುತ್ತಿ, ಕಂಡಕಂಡವರನ್ನು “ಅಗದಿ ಗುಡಿ ಎಕ್ಕಡುಂದಿ?” ಎಂದು ಕೇಳಿದನಂತೆ. ಆದೋನಿಯಲ್ಲಿ ಅಗದಿ ಎಂಬ ದೇವರ ಗುಡಿ ಎಲ್ಲಿಂದ ಬರಬೇಕು? ಒಬ್ಬ ಪುಣ್ಯಾತ್ಮ ಯೋಚಿಸಿ ಯೋಚಿಸಿ ಎಮ್ಮಿಗನೂರಿನ ದಾರಿ ತೋರಿಸಿದ್ದಾನೆ. ಸೀರೆ ಮೂರನೆಯ ದಿನ ಬಂತು.

ಡಾಕ್ಟರ ಹತ್ತಿರವಂತೂ ನಾನು ಇನ್ನು ಮೇಲೆ ಇವರನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ನಮ್ಮವ್ವನ ಮುಂದೆ ಆಣೆ ಮಾಡಿದ್ದೇನೆ. ಮೊಣಕಾಲಿನ ಡಾಕ್ಟರು ಎಳೆ ವಯಸ್ಸಿನವರು. ತೆಲುಗಿನಲ್ಲಿ ನೋವು ಎಷ್ಟಿದೆ ಎಂದು ಕೇಳಿದರು.

“ಅಗದಿ ನೋಯ್ತೈತಿ” ಎಂದರು ಮಾವ. ಇವರಿಗೆ ತೆಲುಗು ನೀರು ಕುಡಿದಂತೆ ಬರುತ್ತದೆ. ಆದರೂ ಇದೊಂದು ಶಬ್ದಕ್ಕೆ ತೆಲುಗಿನ ಅಂಗಿ ತೊಡಿಸಲು ಅವರು ಒಪ್ಪುವುದಿಲ್ಲ.

ನರ್ಸಮ್ಮ ನಮ್ಮೂರಿನವಳು. “ಚಾನಾ ನೊಪ್ಪಂಟ ಸಾರ್” ಎಂದಳು, ತುಂಬಾ ನೋವಂತೆ ಎಂದು.

“ಚಾನಾ ಅಲ್ಲವ್ವಾ. ಚಾನಾ ಅಂದ್ರ ಭಾಳ. ನಾ ಹೇಳಿದ್ದು ಅಗದಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಗದಿ ಅಂಟೇ ಏಂಟಿ?” ಎಂದರು, ಅಗದಿ ಎಂದರೇನು ಎಂದು.

ಕೇಳಬಾರದಿತ್ತು. ಪಾಪ, ಗೊತ್ತಿಲ್ಲದೆ ಕೇಳಿದರು. ಮಾವ ಕುರ್ಚಿ ಎಳೆದುಕೊಂಡು ಕೂತು, ಭಾಳ, ಚಾನಾ, ರಗಡ, ಅಗದಿ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳತೊಡಗಿದರು. ಹೊರಗಿನ ಬೆಂಚಿನಲ್ಲಿ ಕೂತಿದ್ದವರು ಒಬ್ಬೊಬ್ಬರೇ ಬಾಗಿಲಲ್ಲಿ ಇಣುಕಿದರು. ಕೊನೆಗೆ ಡಾಕ್ಟರು ಕೈಮುಗಿದು ಎಕ್ಸ್‌ರೇ ಬರೆದುಕೊಟ್ಟರು. ಎಕ್ಸ್‌ರೇ ಕೋಣೆಯವನು “ಯಾವ ಕಾಲು?” ಎಂದು ಕೇಳಿದಾಗ ಗೊತ್ತಾಯಿತು, ಇಷ್ಟು ಹೊತ್ತಿನ ಉಪನ್ಯಾಸದಲ್ಲಿ ನೋಯುವ ಕಾಲು ಎಡದ್ದೋ ಬಲದ್ದೋ ಎಂಬುದನ್ನು ಇವರೂ ಹೇಳಿಲ್ಲ, ಅವರೂ ಕೇಳಿಲ್ಲ.

ಇಂಥ ಗಂಡನನ್ನು ಕಟ್ಟಿಕೊಂಡು ಬಾಳಿದ ನಮ್ಮ ಅತ್ತೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅತ್ತೆ ವಿಜಯಪುರದ ಕಡೆಯವರು. ಮಾವ ವಯಸ್ಸಿನಲ್ಲಿ ಹತ್ತಿ ನೋಡಲು ಆ ಸೀಮೆಗೆ ಹೋಗಿಬಂದು ಮಾಡುತ್ತಿದ್ದಾಗ ಕೂಡಿಬಂದ ಸಂಬಂಧ. ಗಂಡನಿಗಿಂತ ಗಟ್ಟಿ ದನಿ, ಅದಕ್ಕಿಂತ ಚುರುಕು ನಾಲಿಗೆ. ನಮ್ಮವ್ವ ಹೇಳುವುದೇನೆಂದರೆ, ಈ ‘ಅಗದಿ’ ನಮ್ಮ ಮನೆಯಲ್ಲಿ ಮೊದಲು ಇರಲೇ ಇಲ್ಲ, ಅತ್ತೆ ಮದುವೆಯಾಗಿ ಬಂದ ಬಸ್ಸಿನಲ್ಲೇ ಅದೂ ಬಂತು. ನಾವೆಲ್ಲ ಭಾಳ ಎನ್ನುತ್ತಿದ್ದೆವು, ತೆಲುಗಿನವರ ಜೊತೆ ಚಾನಾ ಎನ್ನುತ್ತಿದ್ದೆವು, ಬದುಕು ಸುಸೂತ್ರವಾಗಿ ನಡೆದಿತ್ತು. ಹೊಸ ಮದುಮಗಳು ಬಂದು, “ಸಾರು ಅಗದಿ ಖಾರ ಆಗೈತ್ರಿ” ಎಂದಳಂತೆ. ಮನೆಯವರೆಲ್ಲ ನಕ್ಕರಂತೆ. ಮಾವ ಮಾತ್ರ ನಗದೆ, “ಆಕಿ ಅಂದಿದ್ರಾಗ ತಪ್ಪೇನೈತಿ? ಅದು ನಮ್ಮೂರಾಗೂ ಮೊದ್ಲಿಂದ ಐತಿ” ಎಂದುಬಿಟ್ಟರಂತೆ.

ಅಂದು ಹೆಂಡತಿಯ ಪಕ್ಷ ವಹಿಸಲು ಆಡಿದ ಮಾತು. ಆದರೆ ಅತ್ತೆ ಅದನ್ನೂ ಒಪ್ಪಲಿಲ್ಲ. “ನಿಮ್ಮೂರಾಗ ಎಲ್ಲೈತ್ರಿ? ಅದು ನಮ್ಮೂರಿಂದು” ಎಂದರಂತೆ. ಜಗಳ ಅಲ್ಲಿಂದ ಶುರುವಾದದ್ದು, ಮಗಳು ಹುಟ್ಟಿ, ಓದಿ, ಮದುವೆಯಾಗಿ ಹೋದರೂ ಮುಗಿಯಲಿಲ್ಲ. ಆದೋನಿ ಒಂದು ಕಾಲಕ್ಕೆ ಬಿಜಾಪುರದ ಸುಲ್ತಾನರ ಕೈಯಲ್ಲಿತ್ತು, ಅವರ ದಂಡಿನ ಜೊತೆ ಆ ಮಾತು ಬಂದು ನಮ್ಮ ಕೋಟೆ ಹತ್ತಿತು ಎಂಬುದು ಮಾವನ ವಾದ. “ದಂಡಿನವರು ಮಾತು ಬಿಟ್ಟು ಹೋಗಾಕ ಬಂದಿದ್ರೇನು?” ಎಂಬುದು ಅತ್ತೆಯ ಉತ್ತರ. ಒಮ್ಮೆ ಸೊಲ್ಲಾಪುರದ ಹತ್ತಿ ವ್ಯಾಪಾರಿಯೊಬ್ಬರು ಊಟಕ್ಕೆ ಬಂದವರು, “ಅಗದೀ ಅನ್ನೂದು ನಮ್ಮ ಮರಾಠಿ ಮಾತು” ಎಂದು ಹೇಳಿ ಹೋಳಿಗೆ ತಿಂದು ಹೋದರು. ಮಾವ ಒಂದು ವಾರ ಮಂಕಾದರು. ಅತ್ತೆ ಮಂಕಾಗಲಿಲ್ಲ. “ಯಾರದರ ಇರ್ಲಿ, ನಿಮ್ಮದಂತೂ ಅಲ್ಲ” ಎಂದು ಇನ್ನೊಂದು ಹೋಳಿಗೆ ಬಡಿಸಿದರು.

ಈ ಹುಚ್ಚಿನಿಂದ ನನ್ನ ತಂಗಿಯ ಮದುವೆಯೇ ತಪ್ಪಿ ಹೋಗುವುದರಲ್ಲಿತ್ತು. ದೇವನಕೊಂಡದಿಂದ ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಮನೆತನ. ಗಂಡಿನ ತಂದೆ ವಿನಯಕ್ಕೆಂದು, “ನಮ್ಮ ಹುಡುಗ ಅಗದಿ ಸಾದಾ ರೀ” ಎಂದರು.

ಮಾವ ಕಣ್ಣು ಕಿರಿದು ಮಾಡಿ, “ಅಗದಿ ಸಾದಾ ಅಂದ್ರ? ಏನೂ ಬರಂಗಿಲ್ಲೇನು?” ಎಂದರು.

ಹುಡುಗ ತನಗೆ ಏನೇನು ಬರುತ್ತದೆ ಎಂದು ನೆನಪು ಮಾಡಿಕೊಳ್ಳುವವನಂತೆ ಸೂರು ನೋಡಿದ. ನಮ್ಮಪ್ಪ ಕೆಮ್ಮಿದರು. ಆಗ ಅತ್ತೆ ಮಂಡಕ್ಕಿ ಉಗ್ಗಾನಿಯ ತಟ್ಟೆಗಳನ್ನು ಹಿಡಿದು ಒಳಗಿಂದ ಬಂದು, ಮೊದಲ ಮೆಣಸಿನಕಾಯಿ ಬಜ್ಜಿಯನ್ನು ಗಂಡನ ಬಾಯಿಗೇ ಇಟ್ಟರು. “ಇವ್ರ ಮಾತಿಗೆ ಕಿವಿ ಕೊಡಬ್ಯಾಡ್ರಿ. ಹಸಿವಿ ಆದಾಗ ಹಿಂಗ ಏನರ ಅಂತಿರ್ತಾರ. ನೀವು ತಿನ್ರಿ” ಎಂದರು. ಗಂಡಿನ ತಾಯಿ ನಕ್ಕರು. ಆಕೆ ನಕ್ಕಿದ್ದರಿಂದ ಮದುವೆ ಆಯಿತು. ನನ್ನ ತಂಗಿ ಈಗ ದೇವನಕೊಂಡದಲ್ಲಿ ಚೆನ್ನಾಗಿದ್ದಾಳೆ. ಆ ಹುಡುಗ ಮಾತ್ರ ಮಾವನ ಮುಂದೆ ಇವತ್ತಿಗೂ ಬಾಯಿ ಬಿಡುವುದಿಲ್ಲ.

ಇಷ್ಟಾದರೂ ಮಾವ ತನ್ನ ವಾದ ಬಿಡಲಿಲ್ಲ. ಹೊರಗಿನ ಗಾಳಿ ಸೋಕದ ಒಬ್ಬ ಹಿರಿಯ ಜೀವದ ಬಾಯಿಂದ ಈ ಮಾತು ತಾನಾಗಿ ಬಂದರೆ, ಅದು ಇಲ್ಲಿಯದೇ ಎಂದು ಸಾಬೀತಾದಂತೆ ಎಂದು ಅವರ ಲೆಕ್ಕ. ನಂದವರದಲ್ಲಿ ಅಂಥ ಒಬ್ಬ ಮುದುಕಿ ಇದ್ದಾಳೆ, ಊರ ಗಡಿ ದಾಟಿದವಳಲ್ಲ ಎಂದು ಮಾರುಕಟ್ಟೆಯ ಹಮಾಲಿಯೊಬ್ಬ ಸುದ್ದಿ ಹಚ್ಚಿದ. ಮುಗಿಯಿತಲ್ಲ. ಅಂಗಡಿ ಬಿಟ್ಟು, ಬೇಸಿಗೆಯ ಬಿಸಿಲಿನಲ್ಲಿ, ಬೈಕಿನ ಹಿಂದೆ ಮಾವನನ್ನು ಕೂರಿಸಿಕೊಂಡು ನಾನು ನಂದವರಕ್ಕೆ ಹೋದೆ. ದಾರಿಯುದ್ದಕ್ಕೂ ಸೂಚನೆ: “ನೀ ಆ ಮಾತು ಆಡಬ್ಯಾಡ. ನಾನೂ ಆಡಂಗಿಲ್ಲ. ನಾವು ಅಂದ್ವಿ ಅಂದ್ರ ಆಕಿ ನಮ್ಮದ ನೋಡಿ ಅಂತಾಳ. ಸಾಕ್ಷಿ ಕೆಡ್ತೈತಿ.”

ಮುದುಕಿ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಮಾವ ಕುಶಲ ಕೇಳಿ, ಎದುರು ಕೂತು, ಮೆಲ್ಲನೆ ಬಲೆ ಬೀಸಿದರು. “ಬಿಸ್ಲು ಹೆಂಗೈತಿ ಅವ್ವಾ?”

“ಭಾಳ ಐತಪ್ಪ.”

“ಭಾಳ ಅಂದ್ರ?”

“ಚಾನಾ ಐತಿ.”

“ಅದಕ್ಕಿಂತ ಹೆಚ್ಚಿಗಿ ಇದ್ರ ಏನಂತೀರಿ?”

“ಬೆಂಕಿ ಅಂತೀವಿ.”

ಮಾವ ಬಿಡಲಿಲ್ಲ. ಅವಳ ಮೊಮ್ಮಗಳು ಹೇಗಿದ್ದಾಳೆ ಎಂದರು, ಚಂದ ಇದ್ದಾಳಂತೆ. ಎಷ್ಟು ಚಂದ? ಚಂದ್ರನಂಗ. ಎಮ್ಮೆಯ ಹಾಲು ಹೇಗಿದೆ? ಗಟ್ಟಿ. ಎಂಥ ಗಟ್ಟಿ? ಕೆನೆಯಂಗ. ಕನ್ನಡದಲ್ಲಿ, ತೆಲುಗಿನಲ್ಲಿ ಇರುವ ಎಲ್ಲ ಮಾತುಗಳೂ ಬಂದವು, ಅದೊಂದು ಬಿಟ್ಟು. ನನಗೆ ತಲೆ ಸುತ್ತಿ ಬಂತು. ಕೊನೆಗೆ ಮುದುಕಿ ಕಡಲೆಕಾಯಿ ಬುಟ್ಟಿ ಪಕ್ಕಕ್ಕೆ ಸರಿಸಿ, ನನ್ನ ಕಡೆ ತಿರುಗಿ ಕೇಳಿದಳು: “ಈ ಹಿರ್ಯಾಗ ಅಗದಿ ತಲಿ ಕೆಟ್ಟೈತೇನಪ್ಪಾ?”

ಮಾವ ಎದ್ದು ನಿಂತುಬಿಟ್ಟರು. ಮೊಣಕಾಲು ನೋವೂ ನೆನಪಾಗಲಿಲ್ಲ. ತನ್ನ ತಲೆ ಕೆಟ್ಟಿದೆ ಎಂದು ಕೇಳಿ ಅಷ್ಟು ಹಿಗ್ಗಿದ ಮನುಷ್ಯನನ್ನು ನಾನು ಕಂಡಿಲ್ಲ. ಮುದುಕಿಯ ಕಾಲು ಮುಟ್ಟಿ, ನನ್ನ ಕಡೆ ನೋಡಿ, “ಕೇಳಿದೇನು? ಕೇಳಿದೇನು?” ಎಂದರು. ಆಮೇಲೆ ಸಾಕ್ಷಿಯನ್ನು ಇನ್ನಷ್ಟು ಭದ್ರ ಮಾಡಲು, “ಅವ್ವಾ, ನೀವು ಇದೇ ಊರಾಗ ಹುಟ್ಟಿದವ್ರಲ್ಲ?” ಎಂದರು.

“ಇಲ್ಲಪ್ಪ. ಕೊಟ್ಟಿದ್ದು ಇಲ್ಲಿಗೆ. ನನ್ನ ತವರುಮನಿ ಮುದ್ದೇಬಿಹಾಳದ ಕಡಿ.”

ಅದು ನಮ್ಮ ಅತ್ತೆಯ ತವರಿನ ಸೀಮೆಯೇ. ಬೈಕಿನಲ್ಲಿ ಬರುವಾಗ ಅರ್ಧ ದಾರಿಯಲ್ಲಿ ಮಾವ ನನ್ನ ಬೆನ್ನು ತಟ್ಟಿ, “ನಿಮ್ಮತ್ತಿಗೆ ಹೇಳಬ್ಯಾಡ” ಎಂದರು. ನಾನು ಬೈಕು ನಿಲ್ಲಿಸಿದ್ದೇ ಅವರ ಮನೆಗೆ ಹೋಗಿ ಹೇಳಿದೆ. ಬಿಸಿಲಿನ ಸೇಡು ಇನ್ನು ಹೇಗೆ ತೀರಿಸಿಕೊಳ್ಳಲಿ? ಅತ್ತೆ ಗೋಡೆಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವ ಹೊರಗೆ ಕಾಲು ತೊಳೆಯುವ ನೆವದಲ್ಲಿ ಬಹಳ ಹೊತ್ತು ನಿಂತರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಬಲಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಗೋಡೆಯಾಚೆಯಿಂದ ಬಡಿಯುವ ಸದ್ದು ನಿಂತದ್ದು ಕೇಳಿ ನಮ್ಮವ್ವ ಓಡಿದರು. ಲಕ್ವ ಹೊಡೆದಿತ್ತು. ಕರ್ನೂಲಿನ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗಿದೆ, ದಾರಿ ಸಿಗುತ್ತಿಲ್ಲ ಅಷ್ಟೇ, ಜೊತೆಯಲ್ಲಿ ಮಾತಾಡುತ್ತಿರಿ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದರು.

ಮಾವ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಅದೇ ಪ್ಲಾಸ್ಟಿಕ್ ಕುರ್ಚಿಯನ್ನು ಮನೆಗೆ ತರಿಸಿಕೊಂಡು ಅತ್ತೆಯ ಮಂಚದ ಪಕ್ಕ ಹಾಕಿಕೊಂಡು ಕೂತರು. ಕೂತು ಏನು ಮಾತಾಡಿದರು? ಧೈರ್ಯ ಹೇಳಿದರೇ? ದೇವರ ಹೆಸರು ಹೇಳಿದರೇ? ಇಲ್ಲ. ಅಗದಿ. ಬೆಳಿಗ್ಗೆ ಅಗದಿ, ಮಧ್ಯಾಹ್ನ ಅಗದಿ, ಮಾತ್ರೆ ಕೊಡುವಾಗ ಅಗದಿ. ಮಗಳು ರಾಯಚೂರಿನಿಂದ ಬಂದವಳು ಅತ್ತು, “ಅಪ್ಪಾ, ಈಗರ ಅದನ್ನ ಬಿಡು” ಎಂದಳು. ನಮ್ಮವ್ವ ಸಿಟ್ಟಿನಿಂದ, “ಅಣ್ಣಾ, ಆಕಿ ಜೀವ ಹಿಂಡಬ್ಯಾಡ. ಸುಮ್ಮನ ಮಲಗಾಕರ ಬಿಡು” ಎಂದರು. “ನಿನಗ ತಿಳಿಯಂಗಿಲ್ಲ, ನೀ ಒಳಗ ಹೋಗು” ಎಂದರು ಮಾವ. ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ತನ್ನ ಶಬ್ದವೇ ದೊಡ್ಡದಾಯಿತಲ್ಲ ಎಂದು ನಮಗೆಲ್ಲ ಬೇಸರ ಹತ್ತಿತು. ನೋಡಲು ಬಂದ ನೆಂಟರು ಹೊರಗೆ ಹೋಗಿ ತಲೆ ಅಲ್ಲಾಡಿಸಿದರು.

ಒಂದು ಸಂಜೆ ಹಾಲು ಕೊಡಲು ಹೋದೆ. ಮಾವ ಹೇಳುತ್ತಿದ್ದರು: “ಇವತ್ತು ಮಾರ್ಕೆಟ್ಟಿಗೆ ಅಗದಿ ಹತ್ತಿ ಬಂದೈತಂತ. ಅಗದಿ ಮಂದಿ ಕೂಡ್ಯಾರಂತ.”

ನನಗೆ ಗಾಬರಿಯಾಯಿತು. ಈ ಮನುಷ್ಯನ ಬಾಯಲ್ಲಿ ಅಗದಿ ಹತ್ತಿ? ಇವರಿಗೂ ಏನಾದರೂ ಆಯಿತೇ ಎಂದುಕೊಂಡು, “ಮಾಮ, ಹಂಗ ಅನ್ನಬಾರ್ದಲ್ಲ, ರಗಡ ಹತ್ತಿ…” ಎಂದೆ.

ಮಾವ ನನ್ನ ಮಣಿಕಟ್ಟು ಹಿಡಿದರು. ಜೋರಾಗಿ ಹಿಡಿದರು. ಮುಖ ನನ್ನ ಕಡೆ ತಿರುಗಿಸಲಿಲ್ಲ; ಅತ್ತೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅತ್ತೆಯ ಹಣೆಯಲ್ಲಿ ಗೆರೆ ಮೂಡಿತ್ತು. ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡು ಏನೋ ಕಟ್ಟಲು ನೋಡುತ್ತಿತ್ತು. ಸಿಟ್ಟು ಬಂದಿತ್ತು ಅವರಿಗೆ. ಗಂಟಲಲ್ಲಿ ಒಂದು ಸದ್ದು ಬಂತು, ಮುಂದೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡರು.

ಮಾವ ನನ್ನನ್ನು ಹಾಗೇ ಕೈ ಹಿಡಿದು ಜಗಲಿಗೆ ಕರೆತಂದರು. “ನಾ ತಪ್ಪು ಆಡಿದ್ರ ಆಕಿ ಒಂದು ದಿನಾನೂ ಸುಮ್ಮನ ಬಿಟ್ಟಾಕಿ ಅಲ್ಲ” ಎಂದರು. “ನಿದ್ದಿಯಿಂದ ಎದ್ದು ತಿದ್ದಾಕಿ. ಈಗ ಒಳಗಿಂದ ಬರಾಕತ್ತೈತಿ, ಬಾಯಿ ತನಕ ಬರಾಕತ್ತೈತಿ. ನಡುವ ನೀ ತಿದ್ದಿ ಕೊಟ್ರ ಆಕಿಗೆ ಹೇಳಾಕ ಏನು ಉಳೀತು?”

ನಾನು ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ.

ಅಂದಿನಿಂದ ನಾನೂ ಆ ಕೋಣೆಯಲ್ಲಿ ಬಾಯಿ ಹಾಕಲಿಲ್ಲ, ನಮ್ಮವ್ವನಿಗೂ ಹೇಳಿದೆ. ಮಾವ ತನ್ನ ಕಾನೂನುಗಳನ್ನೆಲ್ಲ ಒಂದೊಂದಾಗಿ ಮುರಿದರು. ಅಗದಿ ಅಕ್ಕಿ, ಅಗದಿ ನೀರು, ಅಗದಿ ಬಸ್ಸು. ಒಂದು ದಿನ ಎಲ್ಲಕ್ಕಿಂತ ದೊಡ್ಡ ಬಾಣ ಬಿಟ್ಟರು: “ಅಗದಿ ಅನ್ನೂದು ತೆಲುಗು ಮಾತಂತ ನೋಡು. ಗುಂತಕಲ್ಲಿನವರು ಹೇಳಿದ್ರು.” ಅತ್ತೆ ಕಣ್ಣು ದೊಡ್ಡದು ಮಾಡಿ ಎಡಗೈಯಿಂದ ಮಂಚದ ಪಟ್ಟಿಗೆ ಬಡಿದರು. ಮಾವ ಮುಂದಕ್ಕೆ ಬಾಗಿ ಕಾದರು. ಮಾತು ಬರಲಿಲ್ಲ. ಮಾವ ಬೆವರು ಒರೆಸಿಕೊಂಡು ಮತ್ತೆ ಬೇರೆ ಕಡೆಯಿಂದ ಶುರುಮಾಡಿದರು.

ಚಳಿ ಕಳೆದು ಸೆಕೆ ಶುರುವಾಗಿತ್ತು. ಅವರ ಟೇಬಲ್ ಫ್ಯಾನು ಕೆಟ್ಟಿತ್ತು. ಸರಿ ಮಾಡಿ, ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ತಂದುಕೊಟ್ಟೆ. ಮಾವ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತು, ಅವತ್ತಿನ ವಾದ ಎತ್ತಿದ್ದರು. ಬಿಜಾಪುರದ ದಂಡು ಆದೋನಿ ಕೋಟೆ ಹತ್ತುತ್ತಿತ್ತು. ನಾನು ಫ್ಯಾನಿನ ಪ್ಲಗ್ಗು ಹಾಕುತ್ತಿದ್ದೆ. ಅತ್ತೆ ಎಂದಿನಂತೆ ಮಾವನ ಮುಖ ನೋಡುತ್ತಿರಲಿಲ್ಲ. ಎದೆಯ ಹತ್ತಿರ ಎಲ್ಲೋ ನೋಡುತ್ತಿದ್ದರು.

“ಅಂಗಿ” ಎಂದರು.

ಮಾವ ನಿಲ್ಲಿಸಿದರು. ನಾನು ಫ್ಯಾನಿನ ಗುಂಡಿ ಒತ್ತದೆ ಹಾಗೇ ನಿಂತೆ.

ಅತ್ತೆಯ ತುಟಿ ಇನ್ನೂ ಕೆಲಸ ಮಾಡುತ್ತಿತ್ತು. ಬಹಳ ಹೊತ್ತು ಮಾಡಿತು. ಮಾವ ಸಹಾಯ ಮಾಡಲಿಲ್ಲ.

“ಉಲ್ಟಾ” ಎಂದರು ಅತ್ತೆ.

ಮಾವ ತಲೆ ತಗ್ಗಿಸಿ ನೋಡಿಕೊಂಡರು. ಅಂಗಿ ಒಳಗಿನ ಮಗ್ಗುಲು ಹೊರಗಾಗಿತ್ತು. ಹೊಲಿಗೆಯ ನೂಲು ಎದ್ದು ಕಾಣುತ್ತಿತ್ತು, ಜೇಬು ಒಳಕ್ಕೆ ಸಿಕ್ಕಿಕೊಂಡಿತ್ತು. ಇಷ್ಟು ತಿಂಗಳು ಯಾರೂ ನೋಡಿ ಹೇಳುವವರಿಲ್ಲದೆ ಏನೇನು ಹೇಗೆ ಹೇಗೆ ಹಾಕಿಕೊಂಡು ತಿರುಗಿದ್ದರೋ. ಹೆಗಲ ಮೇಲಿನ ಟವೆಲಿನಿಂದ ಅತ್ತೆಯ ತುಟಿಯ ಅಂಚು ಒರೆಸಿದರು. ಆಮೇಲೆ ಎದ್ದು, ಗೋಡೆಯ ಮೊಳೆಗೆ ಹಾಕಿದ್ದ ಚೀಲ ತೆಗೆದುಕೊಂಡು, “ಮೊಸರು ತರ್ತೀನಿ” ಎಂದು ಹೊರಟರು.

“ಮಾಮ, ಅಂಗಿ ತಿರುವಿ ಹಾಕ್ಕೊಂಡು ಹೋಗ್ರಿ” ಎಂದೆ.

“ಇರ್ಲಿ ಬಿಡು.”

ನನಗೆ ಮನಸ್ಸು ತಡೆಯದೆ ಹಿಂದೆಯೇ ಹೋದೆ. ಮೊಸರಿನ ಅಂಗಡಿ ಇರುವುದು ನಮ್ಮ ಬೀದಿಯ ಕೊನೆಯಲ್ಲಿ. ಮಾವ ಅದನ್ನು ದಾಟಿ, ಬಜಾರಿನ ಕಡೆ ತಿರುಗಿದರು. ಕುಂಟುತ್ತಾ, ಅವಸರವಿಲ್ಲದೆ, ಎರಡೂ ಬದಿಯ ಅಂಗಡಿಗಳವರಿಗೆ ಕಾಣುವ ಹಾಗೆ ನಡು ರಸ್ತೆಯಲ್ಲಿ ನಡೆದರು. ಚಹಾದ ಅಂಗಡಿಯ ಹತ್ತಿರ ಹತ್ತಿ ಮಾರುಕಟ್ಟೆಯ ಹಳೆಯ ಜೊತೆಗಾರರೊಬ್ಬರು ತಡೆದು ನಿಲ್ಲಿಸಿದರು. “ಏನ್ರಿ ಇದು, ಅಂಗಿ ಉಲ್ಟಾ ಹಾಕ್ಕೊಂಡೀರಿ?”

“ಗೊತ್ತೈತಿ” ಎಂದರು ಮಾವ. “ಮನ್ಯಾಗ ಹೇಳ್ಯಾರ.”